ರಸ್ತೆ ಕಡೆಯ ಮೊದಲ ಬಳ್ಳಿ

ಹೊಸ ಸೇತುವೆ ದಾಟಿದ ಮೇಲೇ ವರ್ನಾ ಸ್ಕಾಗ್ಲಂಡ್‌ಗೆ ತಾನು ಹಳೇ ದಾರಿ ಹಿಡಿದಿದ್ದೇನೆಂದು ಹೊಳೆದದ್ದು. ಏಳು ವರ್ಷದ ಹಿಂದಿನ ಪ್ರವಾಹದಲ್ಲಿ ಹಳ್ಳ ಇಲ್ಲಿನ ಹಳೇ ಸೇತುವೆಯನ್ನು ಎತ್ತಿಕೊಂಡು ಹೋದಂದಿನಿಂದ ಡೆಲ್ಮರ್ ಕ್ರೌಸನ ದ್ರಾಕ್ಷಿ ತೋಟಕ್ಕೆ ಗುಡ್ಡ ಸುತ್ತಿ ಹಿಂಬದಿಯಿಂದಲೇ ಬರಬೇಕಾಗಿತ್ತು. ಈ ಏಪ್ರಿಲ್ಲಿನಲ್ಲಿ ಕೌಂಟಿಯ ರಸ್ತೆ ಇಲಾಖೆಯವರು ಕೊನೆಗೂ ಸೇತುವೆ ಕಟ್ಟಿ ಮುಗಿಸಿ ದಾರಿಗೆ ಅಡ್ಡ ಇಟ್ಟಿದ್ದ ಹಲಗೆ ತೆಗೆದಿದ್ದರು, ಅವಳ ಕೈ ಯೋಚನೆಯನ್ನು ಕಾಯದೆ ಕಾರನ್ನು ಎಡಕ್ಕೆ ತಿರುಗಿಸಿಬಿಟ್ಟಿತ್ತು. ಅಷ್ಟೇ ಆಗಿದ್ದು. ಕಾರಿನಿಂದ ಇಳಿದು, ಬೂಟಿಗೆ ಮೆತ್ತಿದ ಕೆಸರನ್ನು ಹುಲ್ಲಿಗೆ ಉಜ್ಜುತ್ತಾ ತಲೆ ಎತ್ತಿದಾಗ ಎದುರಿಗೆ ಪ್ರಯೋಗದ ಸಾಲು ಉದ್ದಕ್ಕೆ ಗುಡ್ಡದ ಕಡೆ ಏರಿ ಹೋಗಿತ್ತು, ಮತ್ತು ಸಾಲಿನ ಈ ತುದಿಯ ಕಂಬಕ್ಕೆ ಸೊಂಟದ ಎತ್ತರದಲ್ಲಿ ಒಂದು ಬಿಳಿ ಪಟ್ಟಿ ಇತ್ತು. ಬಣ್ಣ ಸಿಪ್ಪೆಯೆದ್ದಿತ್ತು, ಆದರೆ ಇತ್ತು. ಹತ್ತು ವರ್ಷದ ಹಿಂದೆ, ಬಳ್ಳಿ ನೆಟ್ಟ ದಿನ, ಆ ಪಟ್ಟಿ ಬಳಿದವಳು ತಾನೇ. ಡಬ್ಬಿ ಹಿಡಿದುಕೊಂಡು ನಿಂತಿದ್ದವನು ಡೆಲ್ಮರ್. ಇದು ಒಂದನೇ ಕಂಬ, ಇನ್ನು ಮೇಲೆ ಎಲ್ಲ ಲೆಕ್ಕ ಇಲ್ಲಿಂದ ಎಂದು ಆ ದಿನ ಅವನಿಗೆ ಹೇಳಿಕೊಟ್ಟಿದ್ದಳು. ಅವಳು ಆ ಕಂಬದ ಮುಂದೆ ನಿಂತೇ ಇದ್ದಳು. ಕಾರಿನ ಬಾಗಿಲು ತೆರೆದೇ ಇತ್ತು, ಅದು ಟಿಂಗ್ ಟಿಂಗ್ ಎಂದು ಹೊಡೆದುಕೊಳ್ಳುತ್ತಲೇ ಇತ್ತು.

ಆರು ರಾಜ್ಯ, ಒಂಬತ್ತು ತೋಟ, ಇನ್ನೂ ಹೆಸರಿಡದೆ ಬರೀ ನಂಬರಿನಲ್ಲಿ ಕರೆಯುವ ವೈನ್ ದ್ರಾಕ್ಷಿಯ ತಳಿಗಳು. ಇವುಗಳಲ್ಲಿ ಯಾವುದು ಮಿನೆಸೋಟದ ಚಳಿಗೆ ತಾಳುತ್ತದೆ, ಯಾವುದು ಸಾಯುತ್ತದೆ ಎಂದು ಸಂಶೋಧನಾ ಕೇಂದ್ರದ ಪರವಾಗಿ ಹತ್ತು ವರ್ಷದಿಂದ ಲೆಕ್ಕ ಕೂಡಿಸಿಕೊಂಡು ಬಂದವಳು ವರ್ನಾ. ಆ ಒಂಬತ್ತರಲ್ಲಿ ಡೆಲ್ಮರನದೇ ಕಠಿಣ ಜಾಗ. ಚಳಿ ಗುಡ್ಡದಿಂದ ಜಾರಿ ಬಂದು ಈ ತಗ್ಗಿನಲ್ಲಿ ನಿಂತುಬಿಡುತ್ತದೆ, ಉಳಿದ ಕಡೆ ಬದುಕುವ ಬಳ್ಳಿ ಇಲ್ಲಿ ಸಾಯುತ್ತದೆ. ಹಾಗಾಗಿ ಇಲ್ಲಿ ಉಳಿದದ್ದೇ ಗೆದ್ದದ್ದು. ಬಳ್ಳಿಗಳನ್ನು ರಸ್ತೆ ಕಡೆಯ ಕಂಬದಿಂದ ಎಣಿಸತಕ್ಕದ್ದು ಎಂದು ಕೈಪಿಡಿಯ ಮೂರನೇ ಪುಟದಲ್ಲಿ ಬರೆದವಳೂ ಅವಳೇ. ಪ್ರವಾಹ ಹೋದ ಮರುವರ್ಷ, ನೀರಿಗೆ ಕೊಚ್ಚಿಹೋದ, ತಳಿಯ ನಂಬರು ಕೊರೆದ ತಗಡಿನ ಬಿಲ್ಲೆಗಳ ಬದಲಿಗೆ ಹೊಸ ಬಿಲ್ಲೆಗಳ ಚೀಲ ಹೆಗಲಿಗೆ ಹಾಕಿಕೊಂಡು ಬಂದಿದ್ದಳು. ಗುಡ್ಡದ ಹೊಸ ರಸ್ತೆಯಲ್ಲಿ ಕಾರು ನಿಲ್ಲಿಸಿ, ಕೈಯಲ್ಲಿ ನಕ್ಷೆ ಹಿಡಿದು, ರಸ್ತೆ ಕಡೆಯ ಮೊದಲ ಬಳ್ಳಿಯಿಂದ ಒಂದೊಂದಾಗಿ ಬಿಲ್ಲೆ ಕಟ್ಟುತ್ತಾ ಇಳಿದಿದ್ದಳು. ಬೆರಳು ಮರಗಟ್ಟುವ ಚಳಿ, ಮೂಗು ಸುರಿಯುತ್ತಿತ್ತು, ಸಂಜೆಗೆ ಇನ್ನೊಂದು ತೋಟ ಮುಗಿಸುವ ಆತುರ. ನಿಯಮ ಪಾಲಿಸಿದ್ದಳು. ರಸ್ತೆಯೇ ಹಳ್ಳದ ತುದಿಯಿಂದ ಗುಡ್ಡದ ತುದಿಗೆ ಹೋಗಿತ್ತು, ಅದನ್ನು ಯೋಚಿಸಲಿಲ್ಲ, ಅಷ್ಟೇ. ನಕ್ಷೆಯಲ್ಲಿ ಮೊದಲ ನಾಲ್ಕು ಬಳ್ಳಿ ಇಪ್ಪತ್ತೇಳು, ಕೊನೆಯ ನಾಲ್ಕು ಹನ್ನೊಂದು. ಈಗ ನಿಜವಾಗಿ ಇಪ್ಪತ್ತೇಳಾದ, ಹಳ್ಳದ ಕಡೆಯ ಈ ನಾಲ್ಕು ಬಳ್ಳಿಗಳ ಕೊರಳಿನಲ್ಲಿ ಹನ್ನೊಂದು ಎಂಬ ಬಿಲ್ಲೆ ತಣ್ಣಗೆ ನೇತಾಡುತ್ತಿತ್ತು.

ಜೇಬಿನಿಂದ ಬ್ಲೇಡು ತೆಗೆದಳು. ಬಳ್ಳಿಯಿಂದ ಒಂದು ಗೇಣು ಕಡ್ಡಿ ಕತ್ತರಿಸಿ, ಅದರ ಚಿಗುರೊಡೆಯುವ ಕಣ್ಣುಗಳನ್ನು ಒಂದೊಂದಾಗಿ ಸೀಳಿ ನೋಡಿದಳು. ಕಣ್ಣೊಳಗೆ ಕಂದು ಬಣ್ಣವಿದ್ದರೆ ಚಳಿ ಕೊಂದಿದೆ, ಹಸಿರಿದ್ದರೆ ಜೀವ ಇದೆ. ಹಸಿರು. ಎರಡನೆಯದೂ ಹಸಿರು. ಜನವರಿಯಲ್ಲಿ ಸೊನ್ನೆಗಿಂತ ಮೂವತ್ತೊಂದು ಡಿಗ್ರಿ ಕೆಳಗೆ ಹೋದ ಮೂರು ರಾತ್ರಿ ಕಳೆದು ಬಂದ ಕಣ್ಣುಗಳು, ಆರಕ್ಕೆ ಆರೂ ಹಸಿರು. ಪ್ರತಿ ವರ್ಷವೂ ಹೀಗೇ ಇರುತ್ತಿತ್ತು, ಪ್ರತಿ ವರ್ಷವೂ ಹನ್ನೊಂದು ನೂರಕ್ಕೆ ನೂರು, ಇಪ್ಪತ್ತೇಳರ ಕಣ್ಣೆಲ್ಲ ಸತ್ತಿವೆ ಎಂದು ತಾನು ಬರೆದುಕೊಂಡು ಹೋಗಿದ್ದಳು. ಮೂರು ವರ್ಷದ ಹಿಂದಿನ ಆಗಸ್ಟಿನಲ್ಲಿ, ತೋಟ ನೋಡಲು ಬಂದ ನಲವತ್ತು ಜನ ಬೆಳೆಗಾರರ ನಡುವೆ ಡೆಲ್ಮರ್ ಟೋಪಿ ತೆಗೆದು, ಎಲೆಯೊಂದನ್ನು ಕಿತ್ತು ಬೆಳಕಿಗೆ ಹಿಡಿದು, ಇದು ಹನ್ನೊಂದಲ್ಲ ವರ್ನಾ, ಇದು ಇಪ್ಪತ್ತೇಳು, ನಾನೇ ಗುಂಡಿ ತೋಡಿ ನೆಟ್ಟದ್ದು ಎಂದಿದ್ದ. ಮೆಲ್ಲಗೇ ಹೇಳಿದ್ದ. ಪಕ್ಕಕ್ಕೆ ಕರೆದು ಕೇಳಬಹುದಾಗಿತ್ತು. ಆದರೆ ಆ ಹೊತ್ತಿಗೆ ಮುಂದಿನ ಸಾಲಿನಲ್ಲಿ ಕೇಂದ್ರದ ಡೈರೆಕ್ಟರು ನಿಂತಿದ್ದರು, ಅವಳ ಕತ್ತು ಬಿಸಿಯಾಗಿತ್ತು, ಬಾಯಿ ತಾನಾಗಿ ಹೇಳಿಬಿಟ್ಟಿತ್ತು: "ನೋಡಿ ಡೆಲ್ಮರ್, ಹಸು ಆಗಿದ್ರೆ ನಿಮ್ಮ ಮಾತು ಕೇಳ್ತಿದ್ದೆ. ಇದು ದ್ರಾಕ್ಷಿ. ಇಲ್ಲಿ ನೆನಪು ನಡಿಯಲ್ಲ, ನಕ್ಷೆ ನಡಿಯೋದು." ಎಲ್ಲರೂ ನಕ್ಕರು. ನಲವತ್ತು ವರ್ಷ ಹಾಲಿನ ಹಸು ಸಾಕಿ ಆಮೇಲೆ ಬಳ್ಳಿ ನೆಟ್ಟವನು ಡೆಲ್ಮರ್, ಅವನೂ ನಕ್ಕ. ಎಲೆಯನ್ನು ಮಡಿಸಿ ಅಂಗಿ ಜೇಬಿಗೆ ಹಾಕಿಕೊಂಡ. ಮರುದಿನದಿಂದ ಅವಳನ್ನು ಡಾಕ್ಟ್ರೇ ಎಂದು ಕರೆಯತೊಡಗಿದ. ಅವಳು ಡಾಕ್ಟರಲ್ಲ, ಪಿಎಚ್‌ಡಿ ಅರ್ಧಕ್ಕೆ ಬಿಟ್ಟವಳು, ಕೇಂದ್ರದವರು ಡಾಕ್ಟರೆಂದು ಕರೆದಾಗ ತಿದ್ದದೆ ಬಿಟ್ಟವಳು. ಇದು ಅವನಿಗೆ ಗೊತ್ತು, ಯಾಕೆಂದರೆ ಅವನ ಮನೆಯ ಮೆಟ್ಟಿಲ ಮೇಲೆ ಕೂತು, ಬೇರೆ ಯಾರಿಗೂ ಹೇಳದ್ದನ್ನು ತಾನೇ ಹೇಳಿಕೊಂಡಿದ್ದಳು.

ಆರು ಕಣ್ಣಿನ ಕಡ್ಡಿಯನ್ನು ಜಾಕೆಟ್ ಜೇಬಿಗೆ ಹಾಕಿಕೊಂಡಳು. ಚೀಲದಲ್ಲಿ ಸಹಿ ಮಾಡಿದ ಎಂಟು ಕಾಗದಗಳಿದ್ದವು. ಇಪ್ಪತ್ತೇಳನೇ ನಂಬರನ್ನು ಕೈಬಿಡಲಾಗಿದೆ, ಒಪ್ಪಂದದ ಪ್ರಕಾರ ಬೇರು ಸಮೇತ ಕಿತ್ತು ಸುಡತಕ್ಕದ್ದು ಎಂದು ಮಾರ್ಚಿನಲ್ಲಿ ಕಳಿಸಿದ ಕಾಗದಕ್ಕೆ ಎಂಟು ತೋಟಗಳಿಂದ ಉತ್ತರ ಬಂದಾಗಿತ್ತು: ಕಿತ್ತಾಯಿತು, ಸುಟ್ಟಾಯಿತು. ಸಂಶೋಧನಾ ಕೇಂದ್ರದ ತಾಯಿಬಳ್ಳಿಗಳನ್ನು ಹೋದ ಮಂಗಳವಾರ ಅವಳೇ ಮುಂದೆ ನಿಂತು ಕೀಳಿಸಿದ್ದಳು. ಅಂದರೆ ಲೋಕದಲ್ಲಿ ಉಳಿದಿರುವ ಇಪ್ಪತ್ತೇಳು ಈ ನಾಲ್ಕೇ. ಒಂಬತ್ತನೆಯ ಕಾಗದಕ್ಕೆ ಸಾಕ್ಷಿ ಸಹಿ ಹಾಕುವುದಕ್ಕೆ ಅವಳು ಬಂದದ್ದು. ಮಧ್ಯಾಹ್ನ ಮೂರಕ್ಕೆ ಆರು ರಾಜ್ಯದವರೂ ಫೋನಿನಲ್ಲಿ ಕೂರುತ್ತಾರೆ, ಹನ್ನೊಂದಕ್ಕೆ ಹೆಸರಿಟ್ಟು ನರ್ಸರಿಗಳಿಗೆ ಬಿಡುವುದು ಇವತ್ತೇ ತೀರ್ಮಾನ. ಮೂರಕ್ಕೆ ಇನ್ನೂ ಒಂದೂವರೆ ಗಂಟೆ ಇತ್ತು. ದಿಬ್ಬ ಹತ್ತುತ್ತಾ, ಕಾಲು ಕೆಸರಿನಲ್ಲಿ ಹೂತು ಹೂತು ಬರುತ್ತಿದ್ದಾಗ, ಒಂದು ಯೋಚನೆ ಕಳ್ಳಹೆಜ್ಜೆ ಇಟ್ಟು ಬಂತು, ಅದಕ್ಕೆ ಅವಳು ಬಾಗಿಲು ತೆರೆದುಬಿಟ್ಟಳು. ಡೆಲ್ಮರ್ ಬಿಲ್ಲೆ ನೋಡಿ ಕೀಳುತ್ತಾನೆ. ಇಪ್ಪತ್ತೇಳರ ಬಿಲ್ಲೆ ಇರುವುದು ಗುಡ್ಡದ ಕಡೆಯ ಬಳ್ಳಿಗಳಿಗೆ, ಅವು ಹೇಗಿದ್ದರೂ ಪ್ರತಿ ಚಳಿಗೆ ಬುಡದವರೆಗೆ ಸತ್ತು ಮತ್ತೆ ಚಿಗುರುವ ಬಳ್ಳಿಗಳು. ಹೋಗಲಿ. ಹಳ್ಳದ ಕಡೆಯವು ಉಳಿದುಕೊಳ್ಳುತ್ತವೆ. ಹನ್ನೊಂದನ್ನು ಏನೋ ಒಂದು ನೆಪ ಹೇಳಿ ಒಂದು ವರ್ಷ ಮುಂದೂಡಿದರಾಯಿತು. ಬರುವ ಚಳಿಗಾಲದಲ್ಲಿ ಇಲ್ಲಿಂದ ಕಡ್ಡಿ ಒಯ್ದು, ಕೇಂದ್ರದಲ್ಲಿ ನೆಟ್ಟು, ಬಿಲ್ಲೆಗಳನ್ನು ಮೆಲ್ಲಗೆ ಬದಲಾಯಿಸಿಬಿಡುವುದು. ಯಾರಿಗೂ ಏನೂ ಹೇಳಬೇಕಾಗಿಲ್ಲ. ಎಷ್ಟು ಸಲೀಸಾಗಿ ಕೂಡಿಬಂತೆಂದರೆ ಅವಳಿಗೆ ತನ್ನ ಬಗ್ಗೆಯೇ ಅಸಹ್ಯವಾಯಿತು, ಆದರೂ ಉಸಿರು ಹಗುರವಾಯಿತು.

ಡೆಲ್ಮರ್ ಹಿಂಬಾಗಿಲ ಜಗುಲಿಯಲ್ಲಿ ನಿಂತಿದ್ದ. ಅಲ್ಲಿಂದ ಹಳ್ಳದವರೆಗೆ ಕಾಣಿಸುತ್ತದೆಂಬುದು ಅವಳ ತಲೆಗೆ ಹೋಗಲಿಲ್ಲ. ಅರವತ್ತೇಳಕ್ಕೆ ತುಸು ಬಾಗಿದ್ದ, ಆದರೆ ಕೈಗಳು ಇನ್ನೂ ಹಾಲು ಕರೆಯುವವನ ದಪ್ಪ ಕೈಗಳೇ.

"ಬನ್ನಿ ಡಾಕ್ಟ್ರೇ. ಸೇತುವೆ ಉದ್ಘಾಟನೆ ಮಾಡ್ಕೊಂಡು ಬಂದ್ರಾ?"

ಹೂಂ, ಚೆನ್ನಾಗಿ ಕಟ್ಟಿದ್ದಾರೆ ಎಂದಳು. ಹಳೇದಕ್ಕಿಂತ ಅಗಲ ಎಂದ ಅವನು. ಈ ಸಲ ಹಿಮ ಬೇಗ ಕರಗಿತು ಎಂದಳು. ಕರಗಬೇಕಾದ್ದೇ ಎಂದ. ಇಲ್ಲಿಯ ಜನ ಸಾವಿನ ಮನೆಗೆ ಹೋದರೂ ಮೊದಲು ಹವೆಯ ಮಾತಾಡಿ, ಕಾಫಿ ಕುಡಿದು, ಆಮೇಲೆ ಬಂದ ವಿಷಯ ತೆಗೆಯುತ್ತಾರೆ, ಅವಳೂ ಅದರಲ್ಲೇ ಹುಟ್ಟಿ ಬೆಳೆದವಳು. ಅವಳು ಬೂಟು ಬಿಚ್ಚಿ ಬಾಗಿಲ ಪಕ್ಕ ಜೋಡಿಸುವವರೆಗೆ ಅವನು ನೋಡುತ್ತಾ ನಿಂತ. ಆಮೇಲೆ, ಒಳಗೆ ಆರ್ಲಿಸ್ ಕಾಫಿ ಇಟ್ಟಿದ್ದಾಳೆ, ಕುಡಿಯಿರಿ, ತಾನು ಮೋಟಾರು ಗರಗಸಕ್ಕೆ ಎಣ್ಣೆ ಹಾಕಿಕೊಂಡು ಕೆಲಸ ಹಚ್ಚಿಕೊಳ್ಳುತ್ತೇನೆ, ಮುಗಿದ ಮೇಲೆ ಬಂದು ಸಹಿ ಹಾಕಿದರಾಯಿತು ಎಂದ. ಹೊರಟವನು ನಿಂತ.

"ಬೇರೆ ಏನಾದ್ರೂ ಹೇಳೋದಿತ್ತಾ?"

ಇಲ್ಲ ಎಂದಳು. ಬೆನ್ನು ಹೇಗಿದೆ ಎಂದು ಕೇಳಿದಳು. ನಡೀತಿದೆ ಎಂದು ಅವನು ಹೋದ.

ಅಡುಗೆಮನೆಯಲ್ಲಿ ಆರ್ಲಿಸ್, ಡೆಲ್ಮರನ ಹೆಂಡತಿ, ಬಿಸಿ ಕಾಫಿಯ ಜೊತೆ ದ್ರಾಕ್ಷಿ ಜೆಲ್ಲಿ ಹರಡಿ ಬೇಯಿಸಿದ, ಬಿಸ್ಕತ್ತಿನಂಥ ಬಾರ್‌ಗಳ ತಟ್ಟೆ ಮುಂದಿಟ್ಟಳು. ಎರಡು ತಗೊಳ್ಳಿ, ಒಂದು ಯಾರಿಗೆ ಸಾಕು ಎಂದಳು. ಸ್ಟವ್ವಿನ ಶಾಖಕ್ಕೆ ಸಿಂಕಿನ ಮೇಲಿನ ಕಿಟಕಿ ತೆರೆದಿಟ್ಟಿದ್ದಳು. ಅದರಾಚೆ ಹಸುವಿನ ಹಳೇ ಕೊಟ್ಟಿಗೆಯ ಗೋಡೆ, ತೋಟ ಕಾಣಿಸುತ್ತಿರಲಿಲ್ಲ. ವರ್ನಾ ಕಾಲುಚೀಲದ ಕಾಲನ್ನು ಕುರ್ಚಿಯ ಕೆಳಗೆ ಎಳೆದುಕೊಂಡಳು. ಹೆಬ್ಬೆರಳ ಬಳಿ ತೂತಾಗಿತ್ತು. ಆರ್ಲಿಸ್ ತನ್ನ ಪಾಡಿಗೆ ಮಾತಾಡುತ್ತಿದ್ದಳು. ಇಗರ್ಜಿಯ ಅಡುಗೆಮನೆಗೆ ಹೊಸ ಒಲೆ ಬಂದದ್ದು, ಮಗಳ ಮನೆಯ ನಾಯಿ ಮೂರು ದಿನ ಕಾಣೆಯಾಗಿ ಸಿಕ್ಕಿದ್ದು, ಆಮೇಲೆ ದನಿ ಬದಲಿಸದೆಯೇ, ನಿಮ್ಮ ಕಾಗದ ಬಂದಾಗಿನಿಂದ ಇವರು ಸರಿಯಾಗಿ ಊಟ ಮಾಡಿಲ್ಲ ಎಂದಳು. ಎರಡು ಸಲ ಎದ್ದು ಹೋಗಿ ಆ ಸಾಲಿನಲ್ಲಿ ನಿಂತು ಬಂದರು, ನನ್ನ ಹತ್ತಿರ ಏನೂ ಹೇಳುವುದಿಲ್ಲ, ಗಂಡಸರ ಕಥೆ ನಿಮಗೆ ಗೊತ್ತಲ್ಲ ಎಂದಳು. ಜೆಲ್ಲಿ ಚೆನ್ನಾಗಿದೆಯಾ, ಹಳ್ಳದ ಕಡೆ ಬಳ್ಳಿಯ ಹಣ್ಣಿನದ್ದು ಎಂದಳು. ವರ್ನಾಳ ಬಾಯೊಳಗಿನ ತುಂಡು ಅಲ್ಲೇ ನಿಂತಿತು. ಹುಳಿ ಮೊದಲು, ಆಮೇಲೆ ಕಾಡು ಬೆರ್ರಿಯಂಥದೊಂದು ಸಿಹಿ. ರುಚಿಯ ಪುಟದಲ್ಲಿ ಈ ರುಚಿಯನ್ನು ಹನ್ನೊಂದರ ಹೆಸರಿನಲ್ಲಿ ಎಷ್ಟು ಸಲ ಹೊಗಳಿ ಬರೆದಿದ್ದೆ ಎಂದುಕೊಂಡು ಅದನ್ನು ಕಾಫಿಯ ಜೊತೆ ನುಂಗಿದಳು.

ಹಾಗೆ ನುಂಗುತ್ತಿದ್ದಾಗ ಗರಗಸದ ಸದ್ದು ಶುರುವಾಯಿತು. ಮೊದಲು ಕೆಮ್ಮಿತು, ನಿಂತಿತು, ಮತ್ತೆ ಹಿಡಿಯಿತು. ಕಿಟಕಿಯಿಂದ ಸ್ಪಷ್ಟವಾಗಿ ಬರುತ್ತಿತ್ತು, ಆದರೆ ಕೊಟ್ಟಿಗೆಯ ಗೋಡೆಗೆ ಬಡಿದು ಬರುತ್ತಿದ್ದುದರಿಂದ ಯಾವ ದಿಕ್ಕಿನಿಂದ ಎಂದು ತಿಳಿಯುತ್ತಿರಲಿಲ್ಲ. ಗುಡ್ಡದ ಕಡೆಯಿಂದ ಎಂದು ಅವಳು ತೀರ್ಮಾನಿಸಿಕೊಂಡು ಬಳ್ಳಿ ಎಣಿಸತೊಡಗಿದಳು. ಒಂದು. ಈಗ ಏಳಬೇಕು, ಹೋಗಿ ಹೇಳಬೇಕು, ನೀವು ಅವತ್ತು ಹೇಳಿದ್ದು ಸರಿ ಎಂದು ನಾಲ್ಕು ಪದ, ಅಷ್ಟೇ. ನಾಲ್ಕು ಪದಕ್ಕೆ ಏನು ಕಷ್ಟ? ಆದರೆ ಆ ನಾಲ್ಕು ಪದದ ಹಿಂದೆ ಆರು ವರ್ಷದ ಪಟ್ಟಿಗಳು, ಡೈರೆಕ್ಟರು, ಆರು ರಾಜ್ಯದವರ ಮೌನ, ಅದರಲ್ಲಿ ಯಾರೋ ಒಬ್ಬರು ಗಂಟಲು ಸರಿಮಾಡಿಕೊಳ್ಳುವ ಸದ್ದು, ಎಲ್ಲ ಸಾಲಾಗಿ ನಿಂತಿದ್ದವು. ಪಿಎಚ್‌ಡಿ ಬಿಟ್ಟ ವರ್ಷ ಗೈಡು ಅವಳ ಪುಟಗಳನ್ನು ಮೇಜಿನ ಮೇಲೆ ನೆಟ್ಟಗೆ ಜೋಡಿಸಿ, ಒಂದು ಮಾತೂ ಆಡದೆ ಅವಳ ಕಡೆ ತಳ್ಳಿದ್ದರು. ಆ ಪುಟಗಳ ಅಂಚು ಎಷ್ಟು ನೆಟ್ಟಗಿತ್ತು ಎಂಬುದು ಇವತ್ತಿಗೂ ಕಣ್ಣಿಗೆ ಕಟ್ಟುತ್ತದೆ. ಗರಗಸ ಎರಡನೆಯದಕ್ಕೆ ಹೋಯಿತು. ಮೂರು. ಕಾಫಿ ಇನ್ನೊಂದು ಚೂರು ಹಾಕಲಾ ಎಂದಳು ಆರ್ಲಿಸ್. ಸ್ವಲ್ಪ ಎಂದು ವರ್ನಾ ಲೋಟ ಮುಂದೆ ಸರಿಸಿದಳು. ಹಾಳು ಬಳ್ಳಿಗಳು ತಾನೇ, ಹೋಗಲಿ ಎಂದು ಮತ್ತೆ ಹೇಳಿಕೊಂಡಳು. ನಾಲ್ಕನೆಯದೂ ಮುಗಿದು ಗರಗಸ ನಿಂತಿತು. ಕಿಟಕಿಯಿಂದ ಹೊಗೆಯ ವಾಸನೆ ಬಂತು, ಒಪ್ಪಂದದಲ್ಲಿ ಬರೆದಂತೆ ಸುಡುತ್ತಿದ್ದಾನೆ. ಆಮೇಲೆ ಟ್ರ್ಯಾಕ್ಟರು ಗುಡುಗುಟ್ಟಿತು. ಅವಳು ಕೊನೆಯ ಗುಟುಕು ಕುಡಿದು, ಲೋಟವನ್ನು ಸಿಂಕಿನಲ್ಲಿ ತೊಳೆದಿಟ್ಟು, ಬೂಟು ಹಾಕಿಕೊಂಡು, ಪೆನ್ನು ಇದೆಯೇ ಎಂದು ಜೇಬು ತಡವಿಕೊಂಡು ಹೊರಗೆ ಬಂದಳು.

ಕೊಟ್ಟಿಗೆ ದಾಟಿ ಬಂದಾಗ ಮೊದಲು ನೋಡಿದ್ದು ಗುಡ್ಡದ ಕಡೆ. ಅಲ್ಲಿ ನಾಲ್ಕು ಬಳ್ಳಿಗಳೂ ತಂತಿ ಹಿಡಿದುಕೊಂಡು ನಿಂತಿದ್ದವು, ಬಿಲ್ಲೆಗಳು ಗಾಳಿಗೆ ಅಲ್ಲಾಡುತ್ತಿದ್ದವು. ಹೊಗೆ ಏಳುತ್ತಿದ್ದುದು ಕೆಳಗಿನಿಂದ.

ಅವಳು ಓಡಿದಳು. ಐವತ್ತೆರಡು ವರ್ಷದ ಹೆಂಗಸು ಕೆಸರಿನಲ್ಲಿ ಜಾರಿ, ಒಂದು ಮೊಣಕಾಲೂರಿ, ಮತ್ತೆ ಎದ್ದು ಓಡುವುದನ್ನು ಡೆಲ್ಮರ್ ಟ್ರ್ಯಾಕ್ಟರಿನ ಸೀಟಿನ ಮೇಲಿಂದ ನೋಡುತ್ತಿದ್ದ. ಬಿಳಿ ಪಟ್ಟಿಯ ಕಂಬದ ಬಳಿ ಮೂರು ಬುಡಗಳು ಬೇರು ಮೇಲಾಗಿ ಬಿದ್ದಿದ್ದವು, ಬೇರಿನ ಸಂದಿನಲ್ಲಿ ಮಣ್ಣು ಇನ್ನೂ ಒದ್ದೆ. ಮೇಲಿನ ಬಳ್ಳಿಯೆಲ್ಲ ಬೆಂಕಿಯಲ್ಲಿತ್ತು. ನಾಲ್ಕನೆಯ ಬುಡ ಮಾತ್ರ ನೆಲದಲ್ಲೇ ಇತ್ತು, ಅದರ ಕುತ್ತಿಗೆಗೆ ಸರಪಳಿ ಸುತ್ತಿತ್ತು, ಸರಪಳಿಯ ಇನ್ನೊಂದು ತುದಿ ಟ್ರ್ಯಾಕ್ಟರಿನ ಹಿಂದೆ. ಕೊಯ್ದ ಜಾಗದಿಂದ ನೀರು ನಿಲ್ಲದೆ ಸುರಿದು ಸರಪಳಿಯ ಮೇಲೆ ಇಳಿಯುತ್ತಿತ್ತು. ವಸಂತದಲ್ಲಿ ಬೇರು ಎಚ್ಚೆತ್ತ ಬಳ್ಳಿಯನ್ನು ಕೊಯ್ದರೆ ಹೀಗೇ ಸುರಿಯುತ್ತದೆ, ಜೀವ ಇದ್ದರೆ.

"ಇದರ ಬಿಲ್ಲೆ ಹನ್ನೊಂದಲ್ವಾ," ಎಂದಳು. ಉಸಿರು ಸಾಲುತ್ತಿರಲಿಲ್ಲ. "ಹನ್ನೊಂದು ಅಂತ ಇತ್ತಲ್ಲ ಡೆಲ್ಮರ್."

ಅವನು ಅಂಗಿ ಜೇಬಿನಿಂದ ನಾಲ್ಕು ಬಿಲ್ಲೆ ತೆಗೆದು ಬಗ್ಗಿ ಅವಳ ಕೈಗೆ ಹಾಕಿದ.

"ಬಿಲ್ಲೆ ನಿಮ್ದು. ಬಳ್ಳಿ ನೆಟ್ಟಿದ್ದು ನಾನು. ನೀವು ಕಾಗದದಲ್ಲಿ ಇಪ್ಪತ್ತೇಳು ಕೀಳಿ ಅಂತ ಬರೆದಿದ್ರಿ. ಆ ಗುಡ್ಡದ ಕಡೇದು ಕಿತ್ತು, ಇಪ್ಪತ್ತೇಳು ಕಿತ್ತೆ ಅಂತ ಸಹಿ ಹಾಕಿದ್ರೆ ಅದು ಸುಳ್ಳಾಗ್ತಿತ್ತು. ಸುಳ್ಳು ಕಾಗದಕ್ಕೆ ನಾನು ಸಹಿ ಹಾಕೋನಲ್ಲ ಡಾಕ್ಟ್ರೇ."

"ಒಂದು ಮಾತು ಹೇಳಬಾರದಾಗಿತ್ತಾ?"

"ಹೇಳಿದ್ನಲ್ಲ. ಒಂದ್ಸಲ."

ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಅವಳಿಗೆ ತಡೆಯಲಾಗದ್ದು. ಅವನು ಬೆಂಕಿಯ ಕಡೆ ನೋಡುತ್ತಾ ಮೆಲ್ಲಗೆ ಹೇಳಿಕೊಂಡು ಹೋದ. ಅವಳು ಇಲ್ಲಿ ಕಂಬದ ಹತ್ತಿರ ಕಲ್ಲಿನ ಹಾಗೆ ನಿಂತದ್ದನ್ನು ಜಗುಲಿಯಿಂದ ನೋಡಿದ್ದ. ಕಡ್ಡಿ ಕೊಯ್ದು ಕಣ್ಣು ಸೀಳಿದ್ದನ್ನೂ ನೋಡಿದ್ದ. ಸದ್ಯ, ಗೊತ್ತಾಯಿತು ಇವರಿಗೆ ಎಂದುಕೊಂಡಿದ್ದ. ಹೇಳೋದಿತ್ತಾ ಎಂದು ಬಾಗಿಲಲ್ಲಿ ಕೇಳಿಯೂ ಇದ್ದ. ಗರಗಸಕ್ಕೆ ಎಣ್ಣೆ ಹಾಕುವುದು ಎರಡು ನಿಮಿಷದ ಕೆಲಸ, ಅದಕ್ಕೆ ಕಾಲು ಗಂಟೆ ತೆಗೆದುಕೊಂಡ. ಒಂದೊಂದು ಬಳ್ಳಿ ಆದ ಮೇಲೂ ನಿಂತು ಕೊಟ್ಟಿಗೆಯ ಮೂಲೆ ನೋಡಿದ, ಯಾರಾದರೂ ಬರುತ್ತಾರೇನೋ ಎಂದು.

"ಅಡುಗೆಮನೆ ಕಿಟಕಿ ತೆರೆದೇ ಇತ್ತು," ಎಂದ. "ಕೂಗಿದ್ರೆ ಕೇಳಿಸ್ತಿತ್ತು."

ಅವನ ಕೈ ಗೇರಿನ ಮೇಲೆ ಇತ್ತು. ಸರಪಳಿ ಬಿಗಿಯತೊಡಗಿತು, ಬುಡದ ಸುತ್ತಲ ಮಣ್ಣು ಸಣ್ಣಗೆ ಬಿರುಕು ಬಿಟ್ಟಿತು. ಆ ಬಿರುಕು ನೋಡಿದ್ದೇ ಅವಳ ಬಾಯಿಂದ ಮಾತು ಬಿತ್ತು, ಯೋಚಿಸಿ ಜೋಡಿಸಿದ್ದಲ್ಲ, ಹವೆಯ ಮಾತಿನ ಹಿಂದೆ ಅಡಗಿದ್ದೂ ಅಲ್ಲ.

"ನಿಲ್ಸಿ. ಅದು ಇಪ್ಪತ್ತೇಳು. ಬಿಲ್ಲೆ ತಲೆಕೆಳಗಾಗಿ ಕಟ್ಟಿದ್ದು ನಾನು. ಅವತ್ತು ಎಲ್ಲರ ಮುಂದೆ ನಿಮ್ಮನ್ನ ಸಣ್ಣವರನ್ನ ಮಾಡ್ದೆ. ಇವತ್ತು ಗೊತ್ತಾದ ಮೇಲೂ ಕೂತು ಕಾಫಿ ಕುಡಿದೆ."

ಅವನು ಎಂಜಿನ್ ಆರಿಸಿದ. ಹಳ್ಳದ ನೀರಿನ ಸದ್ದು ಕೇಳಿಸತೊಡಗಿತು. ಅವನು ಕೈಯಿಂದ ಮುಖ ಒರೆಸಿಕೊಂಡ. ಇಳಿದು ಬಂದು ಕೊಂಡಿ ಬಿಚ್ಚುತ್ತಾನೆಂದು ಅವಳು ಕಾದಳು. ಅವನು ಇಳಿಯಲಿಲ್ಲ.

"ನೀವೇ ಬಿಚ್ಚಿ," ಎಂದ. "ನನ್ನ ಬೆನ್ನು ಇವತ್ತು ಬಗ್ಗಲ್ಲ."

ಅವಳು ಕೆಸರಿನಲ್ಲಿ ಮೊಣಕಾಲೂರಿ ಕೂತಳು. ಕೊಂಡಿ ಬಿಗಿದು ಕಚ್ಚಿಕೊಂಡಿತ್ತು, ಬಳ್ಳಿಯ ನೀರು ತಣ್ಣಗೆ ಅವಳ ಮಣಿಕಟ್ಟಿನೊಳಗೆ ಇಳಿದು ತೋಳಿನವರೆಗೆ ಹೋಯಿತು. ಉಗುರು ಮುರಿಯಿತು. ಜೇಬಿನಲ್ಲಿದ್ದ ಕಡ್ಡಿ ನೆನಪಾಯಿತು, ಅದರಲ್ಲಾದರೂ ಒಂದು ಕಣ್ಣು ನೆಡುವುದಕ್ಕೆ ಉಳಿದಿದೆಯೇ ಎಂದು. ಉಳಿದಿರಲಿಲ್ಲ, ಆರನ್ನೂ ತಾನೇ ಸೀಳಿ ನೋಡಿಯಾಗಿತ್ತು. ಕೊಂಡಿ ಕಳಚಿದಾಗ ಅವಳು ಹಿಂದಕ್ಕೆ ಬಿದ್ದಳು. ಬುಡ ಒಂದು ಕಡೆಗೆ ವಾಲಿತ್ತು, ಎರಡು ಬೇರು ಹರಿದಿತ್ತು, ಉಳಿದವು ಹಿಡಿದುಕೊಂಡಿದ್ದವು. ಬದುಕುತ್ತದೋ ಇಲ್ಲವೋ ಜೂನ್ ಬರದೆ ಯಾರೂ ಹೇಳಲಾರರು. ಅವಳು ಕೈಯಿಂದ ಮಣ್ಣು ಬಳಿದು ಬುಡಕ್ಕೆ ಒತ್ತಿದಳು.

ಮೂರಕ್ಕೆ ಐದು ನಿಮಿಷವಿತ್ತು. ಆ ತಗ್ಗಿನಲ್ಲಿ ಮೊಬೈಲು ಹಿಡಿಯುವುದಿಲ್ಲ, ಫೋನು ಇರುವುದು ಅಡುಗೆಮನೆಯ ಗೋಡೆಯಲ್ಲಿ. ಬೂಟು ಬಿಚ್ಚುವುದೂ ನೆನಪಾಗದೆ ಅವಳು ಕೆಸರುಗಾಲಿನಲ್ಲೇ ಆರ್ಲಿಸಳ ಒರೆಸಿದ ನೆಲದ ಮೇಲೆ ನಡೆದುಹೋದಳು. ಆರ್ಲಿಸ್ ನೆಲ ನೋಡಿದಳು, ಅವಳ ಮುಖ ನೋಡಿದಳು, ಕುರ್ಚಿ ಸರಿಸಿಕೊಟ್ಟಳು. ವರ್ನಾ ಕೂರಲಿಲ್ಲ. ನಂಬರು ಒತ್ತುವಾಗ ಬೆರಳು ಬಟನ್ನಿನ ಮೇಲೆ ಮಣ್ಣಿನ ಗುರುತು ಬಿಟ್ಟಿತು. ಅತ್ತ ಒಬ್ಬೊಬ್ಬರೇ ಬಂದು ಸೇರಿಕೊಂಡರು, ಅಯೋವಾ, ವಿಸ್ಕಾನ್ಸಿನ್, ಎರಡೂ ಡಕೋಟಾ, ನೆಬ್ರಾಸ್ಕಾ. ಯಾರದೋ ಕುರ್ಚಿ ಕಿರುಗುಟ್ಟಿತು. ಡೈರೆಕ್ಟರು ಬಹಳ ಉಲ್ಲಾಸದಲ್ಲಿದ್ದರು. ಹನ್ನೊಂದರ ಶಿಫಾರಸನ್ನು ಡಾಕ್ಟರ್ ಸ್ಕಾಗ್ಲಂಡ್ ಅವರ ಬಾಯಿಂದಲೇ ಕೇಳೋಣ ಎಂದರು.

ಬಾಗಿಲಲ್ಲಿ ಡೆಲ್ಮರ್ ಬೂಟು ಬಿಚ್ಚಿ ಕಾಲುಚೀಲದಲ್ಲಿ ಬಂದು ನಿಂತಿದ್ದ. ಟೋಪಿ ಕೈಯಲ್ಲಿತ್ತು.

"ನಾನು ಡಾಕ್ಟರಲ್ಲ," ಎಂದಳು ವರ್ನಾ. ದನಿ ಯಾರಿಗೂ ಕೇಳಿಸದಷ್ಟು ಸಣ್ಣಗೆ ಬಂತು. ಏನಂದಿರಿ, ಕೇಳಿಸಲಿಲ್ಲ ಎಂದರು ಅತ್ತ ಕಡೆಯವರು.

"ಜೋರಾಗಿ ಹೇಳಿ, ವರ್ನಾ," ಎಂದ ಡೆಲ್ಮರ್. "ಈ ಲೈನು ಸರಿ ಇಲ್ಲ."

ಅವಳು ರಿಸೀವರನ್ನು ಬಾಯಿಗೆ ಹತ್ತಿರ ಹಿಡಿದು ಮೊದಲಿನಿಂದ ಹೇಳತೊಡಗಿದಳು.